ಒಂದು ಲೀಟರಿನ ಇಕೋಬೂಸ್ಟ್ ಎಂಜಿನ್: ಮಾಡಬೇಕಾದ್ದು, ಮಾಡಬಾರದ್ದು

ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಟರ್ಬೋ ಪೆಟ್ರೋಲ್ ಕಾರು ಇಟ್ಟುಕೊಂಡವರು, ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರು ಮತ್ತು ಅದನ್ನು ರಿಪೇರಿಗೆ ತೆಗೆದುಕೊಳ್ಳುವ ಗ್ಯಾರೇಜಿನವರು ಇದನ್ನು ಪೂರ್ತಿ ಓದಬೇಕು. ನಿಮ್ಮ ಕಾರು ಇದೇ ಹೌದೋ ಅಲ್ಲವೋ ಎಂದು ಮೊದಲು ಆರ್‌ಸಿ ತೆಗೆದು ನೋಡಿ. ಸಿಸಿ 999 ಎಂದಿದ್ದರೆ ಇದೇ. 1.5 ಲೀಟರಿನ ಪೆಟ್ರೋಲ್, ಡೀಸೆಲ್ ಗಾಡಿಗಳ ಲೆಕ್ಕ ಬೇರೆ. ಇಲ್ಲಿ ಹೇಳಿದ ಆಯಿಲ್, ಅಳತೆಗಳನ್ನು ಅವಕ್ಕೆ ಹೊಂದಿಸಬೇಡಿ.

ಈ ಎಂಜಿನ್ ಹಾಳಾಗುವುದು ಜೋರಾಗಿ ಓಡಿಸಿದ್ದರಿಂದ ಅಂತ ತುಂಬ ಜನ ತಿಳಿದಿದ್ದಾರೆ. ಕೆಟ್ಟುಹೋದ ಎಂಜಿನ್‌ಗಳ ಆಯಿಲ್ ಚೇಂಬರ್ ಬಿಚ್ಚಿದವರು ಹಾಗೆ ಹೇಳುವುದಿಲ್ಲ. ತಪ್ಪು ಆಯಿಲ್, ಇಳಿದುಹೋದ ಕೂಲೆಂಟ್, ವಯಸ್ಸು ಮೀರಿದ ಬೆಲ್ಟ್: ಬಹುಪಾಲು ಕಥೆ ಈ ಮೂರರಲ್ಲೇ ಮುಗಿಯುತ್ತದೆ.

ಎಂಜಿನ್ ಎಂಥದ್ದು

2012ರಲ್ಲಿ ಯುರೋಪಿನ ಫೋಕಸ್ ಕಾರಿನಲ್ಲಿ ಮೊದಲು ಬಂತು. ಮೂರು ಸಿಲಿಂಡರ್, 999 ಸಿಸಿ. ಬೋರ್ 71.9 ಮಿ.ಮೀ., ಸ್ಟ್ರೋಕ್ 82 ಮಿ.ಮೀ., ಕಂಪ್ರೆಷನ್ 10ಕ್ಕೆ 1. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಆ ಹೆಡ್ಡಿನಲ್ಲೇ ಸೇರಿಸಿ ಎರಕ ಹೊಯ್ದದ್ದು. ಪೆಟ್ರೋಲು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಣೆಯಾಗುತ್ತದೆ. ಬ್ಲಾಕನ್ನು ಒಂದು ಎ4 ಹಾಳೆಯ ಮೇಲೆ ನಿಲ್ಲಿಸಬಹುದು ಎಂದು ಫೋರ್ಡ್ ಜಾಹೀರಾತು ಮಾಡಿದ್ದು ಸುಳ್ಳಲ್ಲ. ಪುಟ್ಟ ಟರ್ಬೋ ನಿಮಿಷಕ್ಕೆ 2,48,000 ಸುತ್ತಿನವರೆಗೂ ತಿರುಗುತ್ತದೆ. 2013ರಲ್ಲಿ ನಮ್ಮ ಇಕೋಸ್ಪೋರ್ಟ್‌ಗೆ ಬಂದಾಗ ಶಕ್ತಿ 125 ಪಿಎಸ್, ಟಾರ್ಕ್ 170 ನ್ಯೂಟನ್ ಮೀಟರ್. ಆ ಟಾರ್ಕ್ 1,400 ಆರ್‌ಪಿಎಂನಿಂದಲೇ ಸಿಗುತ್ತಿತ್ತು. ನಾಲ್ಕು ಮೀಟರ್ ಒಳಗಿನ ಕಾರು, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಎಂದು ಸುಂಕವೂ ಕಡಿಮೆಯಾಯಿತು. 2018ರಲ್ಲಿ ಇಕೋಸ್ಪೋರ್ಟ್ ಎಸ್ ಎಂದು ಮತ್ತೊಮ್ಮೆ ಬಂತು. ಬಿಎಸ್6 ಬರುವ ಹೊತ್ತಿಗೆ ನಿಂತುಹೋಯಿತು.

2012, 2013, 2014, ಮೂರು ವರ್ಷ ಸಾಲಾಗಿ ಅಂತಾರಾಷ್ಟ್ರೀಯ ವರ್ಷದ ಎಂಜಿನ್ ಪ್ರಶಸ್ತಿ ಗೆದ್ದದ್ದೂ ಇದೇ. ಪ್ರಶಸ್ತಿ ಕೊಟ್ಟವರು ಹೊಸ ಎಂಜಿನ್ ನೋಡಿ ಕೊಟ್ಟರು. ಹತ್ತು ವರ್ಷ ಓಡಿದ್ದನ್ನು ನೋಡಿ ಅಲ್ಲ. ನಿಮ್ಮ ಕೈಯಲ್ಲಿರುವುದು ವರ್ಷಗಟ್ಟಲೆ ಓಡಿದ್ದು.

ಆಯಿಲ್

ಹಾಕಬೇಕಾದ ಆಯಿಲ್ 5ಡಬ್ಲ್ಯೂ-20 ಗ್ರೇಡಿನದು. ಅಷ್ಟೇ ಸಾಲದು. ಡಬ್ಬದ ಹಿಂದೆ ಫೋರ್ಡ್‌ನ ಡಬ್ಲ್ಯೂಎಸ್‌ಎಸ್-ಎಂ2ಸಿ948-ಬಿ ಎಂಬ ನಂಬರು ಅಚ್ಚಾಗಿರಬೇಕು. ಆ ನಂಬರು ಇಲ್ಲದ ಡಬ್ಬ ಎಷ್ಟೇ ದುಬಾರಿಯದಾಗಿರಲಿ, ಎಷ್ಟೇ ದೊಡ್ಡ ಕಂಪನಿಯದಾಗಿರಲಿ, ಈ ಎಂಜಿನ್ನಿಗೆ ಹಾಕಬೇಡಿ.

"ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಸರಿ ಸಾರ್" ಎನ್ನುವ ಮಾತಿಗೆ ಕಿವಿಗೊಡಬೇಡಿ. ಕಲಬುರಗಿಯ ಮೇ ತಿಂಗಳಾದರೂ ಸರಿ, ಎಂಜಿನ್ ಒಳಗಿನ ಆಯಿಲ್ ಓಡಾಡುವ ಬಿಸಿ ಹೊರಗಿನ ಬಿಸಿಲಿಗಿಂತ ಎಷ್ಟೋ ಮೇಲಿನದು. ಆ ಬಿಸಿಯಲ್ಲಿ ಎಷ್ಟು ತೆಳುವಾಗಿರಬೇಕು ಎಂದು ಲೆಕ್ಕ ಹಾಕಿಯೇ ಒಳಗಿನ ಸಂದುಗಳನ್ನು ಮಾಡಿದ್ದಾರೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಈ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಆಯಿಲಿನಲ್ಲಿ ನೆನೆಯುತ್ತಲೇ ಓಡುತ್ತದೆ. ಬೇರೆ ಕಾರುಗಳಲ್ಲಿ ಬೆಲ್ಟಿಗೆ ಒಂದು ತೊಟ್ಟು ಆಯಿಲ್ ಬಿದ್ದರೂ ಮೆಕ್ಯಾನಿಕ್ ತಲೆ ಕೆಡಿಸಿಕೊಳ್ಳುತ್ತಾನೆ. ಇಲ್ಲಿ ಬೆಲ್ಟ್ ಇರುವುದೇ ಆಯಿಲಿನ ನಡುವೆ. ಆಯಿಲಿನಲ್ಲಿ ಏನೇನು ರಸಾಯನ ಬೆರೆಸಿದ್ದಾರೆ ಎಂಬುದರ ಮೇಲೆ ಬೆಲ್ಟಿನ ರಬ್ಬರಿನ ಆಯುಸ್ಸು ನಿಂತಿದೆ. ತಪ್ಪು ಆಯಿಲಿನಲ್ಲಿ ರಬ್ಬರ್ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಪುಡಿಪುಡಿಯಾಗಿ ಉದುರುತ್ತದೆ.

10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲು ಬರುತ್ತದೋ ಆಗ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಬೇಕು. ಬೆಂಗಳೂರಿನಂಥ ಊರಿನಲ್ಲಿ ಬೆಳಿಗ್ಗೆ ಮಗುವನ್ನು ಸ್ಕೂಲಿಗೆ ಬಿಟ್ಟು, ಸಂಜೆ ತರಕಾರಿ ತಂದು ನಿಲ್ಲಿಸುವ ಕಾರಾದರೆ 7,500ಕ್ಕೇ ಬದಲಿಸಿ. ಓಡಿದ್ದು ಕಡಿಮೆ, ಆಯಿಲ್ ಇನ್ನೂ ಚೆನ್ನಾಗಿದೆ ಎಂದು ಮುಂದೂಡಬೇಡಿ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಕಾರಿನಲ್ಲಿ ಉರಿಯದ ಪೆಟ್ರೋಲು ಪಿಸ್ಟನ್ ಸಂದಿನಿಂದ ಇಳಿದು ಆಯಿಲಿಗೆ ಸೇರುತ್ತದೆ. ದೂರದ ಪ್ರಯಾಣ ಮಾಡಿದರೆ ಆ ಪೆಟ್ರೋಲು ಆವಿಯಾಗಿ ಹೋಗುತ್ತದೆ. ಸ್ಕೂಲು, ತರಕಾರಿ ಅಂಗಡಿಯ ಓಡಾಟದಲ್ಲಿ ಅಲ್ಲೇ ಉಳಿಯುತ್ತದೆ. ಪೆಟ್ರೋಲು ಬೆರೆತ ಆಯಿಲ್ ಬೆಲ್ಟಿಗೆ ಒಳ್ಳೆಯದಲ್ಲ, ಬೇರಿಂಗಿಗಂತೂ ಅಲ್ಲವೇ ಅಲ್ಲ.

ಇದನ್ನು ನೀವೇ ನೋಡಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ, ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗೆ ಹಾಕಿ ತೆಗೆಯಿರಿ. ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲಿನ ಘಾಟು ಹೊಡೆದರೆ, ಇಲ್ಲವೇ ಹೋದ ತಿಂಗಳಿಗಿಂತ ಮಟ್ಟ ಏರಿದ್ದರೆ, ಆಯಿಲ್ ಹೆಚ್ಚಾಗಿದೆಯಲ್ಲ ಎಂದು ಸಂತೋಷಪಡಬೇಡಿ. ಆ ವಾರದಲ್ಲೇ ಬದಲಿಸಿ. ಬೆರಳ ತುದಿಯಲ್ಲಿ ಆಯಿಲ್ ಉಜ್ಜಿದಾಗ ಕಪ್ಪು ಕಣಗಳು ತಗುಲಿದರೆ ಕಾರನ್ನು ಓಡಿಸುವುದು ನಿಲ್ಲಿಸಿ ಮುಂದಿನ ಭಾಗ ಓದಿ.

ಎಂಜಿನ್ ಫ್ಲಶ್ ಹಾಕಿಸಬೇಡಿ. ಸರ್ವಿಸ್ ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿಗೆ ಸೇರಿಸಿಬಿಡುವ ಈ ದ್ರಾವಕ ಕಿಟ್ಟವನ್ನು ಕರಗಿಸುವಂತೆ ರಬ್ಬರನ್ನೂ ಮೆತ್ತಗೆ ಮಾಡುತ್ತದೆ. ಆಯಿಲಿಗೆ ಬೆರೆಸುವ ಯಾವ ಮಾಂತ್ರಿಕ ಸೀಸೆಯನ್ನೂ ಸುರಿಯಬೇಡಿ. ಕೌಂಟರಿನಲ್ಲಿ ಕೂತವರು ಒತ್ತಾಯ ಮಾಡಿದರೆ, ಬೇಡ ಎಂದು ಜಾಬ್ ಕಾರ್ಡಿನ ಮೇಲೆ ಬರೆಸಿ.

ಬೆಲ್ಟ್

ಬೆಲ್ಟ್ ಒಂದಲ್ಲ, ಎರಡು. ದೊಡ್ಡದು ಕ್ಯಾಮ್ ಶಾಫ್ಟ್‌ಗಳನ್ನು ತಿರುಗಿಸುತ್ತದೆ. ಕೆಳಗೆ ಇನ್ನೊಂದು ಚಿಕ್ಕದಿದೆ, ಅದು ಆಯಿಲ್ ಪಂಪನ್ನು ತಿರುಗಿಸುತ್ತದೆ. ಎರಡೂ ಆಯಿಲಿನಲ್ಲೇ. ದೊಡ್ಡದನ್ನು ಬದಲಿಸಿ ಚಿಕ್ಕದನ್ನು ಹಾಗೇ ಬಿಡುವುದು ಅರ್ಧ ಕೆಲಸ, ಹಾಗೆ ಮಾಡಿಸಬೇಡಿ.

ಯುರೋಪಿನಲ್ಲಿ ಫೋರ್ಡ್ ಕೊಟ್ಟ ಗಡುವು 10 ವರ್ಷ ಅಥವಾ 2,40,000 ಕಿ.ಮೀ. ನಮ್ಮಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಎರಡನೆಯ ಸಂಖ್ಯೆ. "ಗಾಡಿ ಬರೀ ಅರುವತ್ತು ಸಾವಿರ ಓಡಿದೆ, ಬೆಲ್ಟಿಗೇನು ಅವಸರ?" ಎನ್ನುತ್ತಾರೆ. ಮೊದಲನೆಯ ಸಂಖ್ಯೆ ನೋಡಿ. 2013ರಲ್ಲಿ ಕೊಂಡ ಕಾರಿಗೆ ಆ ಗಡುವು 2023ಕ್ಕೇ ಮುಗಿದಿದೆ. ಮೀಟರಿನಲ್ಲಿ ಎಷ್ಟೇ ಇರಲಿ, ಹತ್ತು ವರ್ಷ ತುಂಬಿದ ಕಾರಿನ ಬೆಲ್ಟುಗಳನ್ನು ಬದಲಿಸಲೇಬೇಕು. ಹಿಂದೆ ಯಾವ ಆಯಿಲ್ ಹಾಕಿದ್ದರೋ ಗೊತ್ತಿಲ್ಲದ ಕಾರಾದರೆ ಹತ್ತು ವರ್ಷವನ್ನೂ ಕಾಯಬೇಡಿ.

ಬೆಲ್ಟ್ ಹಳತಾದಾಗ ತಟ್ಟನೆ ಕಡಿಯುತ್ತದೆ ಎಂದು ಭಯಪಡುವವರಿದ್ದಾರೆ. ಕಡಿಯುವುದು ಉಂಟು, ಆಗ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಹೆಡ್ ಹೋಗುತ್ತದೆ. ಆದರೆ ಕಡಿಯುವುದಕ್ಕೆ ಎಷ್ಟೋ ಮುಂಚೆ ನಡೆಯುವ ಕೇಡು ಸದ್ದಿಲ್ಲದ್ದು. ಬೆಲ್ಟಿನಿಂದ ಉದುರಿದ ರಬ್ಬರ್ ಪುಡಿ ಆಯಿಲಿನ ಜೊತೆ ಚೇಂಬರಿಗೆ ಇಳಿಯುತ್ತದೆ. ಅಲ್ಲಿ ಪಂಪು ಆಯಿಲ್ ಹೀರಿಕೊಳ್ಳುವ ಕೊಳವೆಯ ಬಾಯಿಗೆ ಒಂದು ಸಣ್ಣ ಜಾಲರಿ ಇದೆ. ಚೇಂಬರ್ ಬಿಚ್ಚಿ ಆ ಜಾಲರಿಯನ್ನು ಬೆಳಕಿಗೆ ಹಿಡಿದರೆ, ಕೆಟ್ಟ ಕಾರಿನಲ್ಲಿ ಟೀ ಸೋಸಿ ತೊಳೆಯದೆ ಬಿಟ್ಟ ಜರಡಿಯ ಹಾಗೆ ಕಪ್ಪು ಚರಟ ಕಟ್ಟಿಕೊಂಡಿರುತ್ತದೆ. ಹೀರಲು ಆಯಿಲ್ ಸಿಗದೆ ಪ್ರೆಷರ್ ಬೀಳುತ್ತದೆ. ಅಷ್ಟು ವೇಗದಲ್ಲಿ ತಿರುಗುವ ಟರ್ಬೋ ಆಯಿಲಿನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರ ಹೋದರೆ ಮೊದಲು ಹೋಗುವುದು ಅದೇ. ಆಮೇಲೆ ಕ್ರ್ಯಾಂಕ್ ಬೇರಿಂಗ್.

ಹೀಗಾಗಿ ಟರ್ಬೋ ಹೋಯಿತು ಎಂದಾಗ ಟರ್ಬೋ ಒಂದನ್ನೇ ಬದಲಿಸಿಕೊಂಡು ಮನೆಗೆ ಬರಬೇಡಿ. ಚೇಂಬರ್ ಇಳಿಸಿ ಜಾಲರಿ ತೋರಿಸು ಎಂದು ಕೇಳಿ, ಫೋಟೋ ತೆಗೆದುಕೊಳ್ಳಿ. ಜಾಲರಿ ಕಟ್ಟಿದ್ದರೆ ಹೊಸ ಟರ್ಬೋ ಕೂಡ ಅದೇ ದಾರಿ ಹಿಡಿಯುತ್ತದೆ.

ಪಂಪಿನ ಚಿಕ್ಕ ಬೆಲ್ಟನ್ನು ಹಗುರವಾಗಿ ತೆಗೆದುಕೊಳ್ಳುವವರಿಗೆ ಒಂದು ವಿಷಯ. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಫೋರ್ಡ್ ಇದೇ 1.0 ಎಂಜಿನ್ನಿನ 2016-18ರ ಫೋಕಸ್ ಮತ್ತು 2018-22ರ ಇಕೋಸ್ಪೋರ್ಟ್, ಒಟ್ಟು ಸುಮಾರು 1.4 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಆಯಿಲ್ ಪಂಪ್ ಬೆಲ್ಟಿನ ಟೆನ್ಷನರ್ ಮುರಿಯುವುದು, ಬೆಲ್ಟಿನ ಹಲ್ಲು ಹೋಗುವುದು ಕಾರಣ. ಅಲ್ಲಿ ಮಾರಿದ ಇಕೋಸ್ಪೋರ್ಟ್‌ಗಳು ಹಡಗು ಹತ್ತಿದ್ದು ನಮ್ಮ ಪಕ್ಕದ ಚೆನ್ನೈಯ ಫ್ಯಾಕ್ಟರಿಯಿಂದ. ಫೋರ್ಡ್ ಈ ಎಂಜಿನ್ನಿನ ಹೊಸ ಆವೃತ್ತಿಗಳಲ್ಲಿ ಕ್ಯಾಮಿಗೆ ಚೈನ್ ಹಾಕಿತು. ಆಯಿಲ್ ಬೆಲ್ಟಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ತೀರ್ಪು ಬೇಕೆ?

ಗ್ಯಾರೇಜಿನವರಿಗೆ: ಲಾಕಿಂಗ್ ಟೂಲ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕ್ರ್ಯಾಂಕ್ ಪುಲ್ಲಿಯನ್ನು ಜಾಗದಲ್ಲಿ ಕೂರಿಸುವ ಕೀ ಇದರಲ್ಲಿಲ್ಲ. ಬೋಲ್ಟಿನ ಬಿಗಿತವೊಂದೇ ಹಿಡಿದಿರುತ್ತದೆ. ಪೇಂಟಿನಲ್ಲಿ ಗುರುತು ಹಾಕಿ ಬಿಚ್ಚಿ ಕಟ್ಟುವ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಬೋಲ್ಟ್ ಪ್ರತಿ ಸಲ ಹೊಸದೇ ಹಾಕಬೇಕು. ಬೆಲ್ಟ್ ಹಾಕಿದ ಮೇಲೆ ಜಾಲರಿ ತೊಳೆಯದೆ ಚೇಂಬರ್ ಮುಚ್ಚಬೇಡಿ. ಟೂಲ್ ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಕಳಿಸಿ, ಅದರಲ್ಲಿ ಅವಮಾನವಿಲ್ಲ.

ಕೂಲೆಂಟ್

ಬ್ರಿಟನ್ನಿನಲ್ಲಿ ಈ ಎಂಜಿನ್ನಿಗೆ ಕೆಟ್ಟ ಹೆಸರು ಮೊದಲು ಬಂದದ್ದು ಬೆಲ್ಟಿನಿಂದಲ್ಲ, ಒಂದು ಪೈಪಿನಿಂದ. 2011ರಿಂದ 2013ರವರೆಗೆ ತಯಾರಾದ ಮೊದಮೊದಲ ಎಂಜಿನ್‌ಗಳಲ್ಲಿ ಕೂಲೆಂಟ್ ಬಾಟಲಿಗೆ ಹೋಗುವ ನೈಲಾನ್ ಪೈಪು ಬಿಸಿಗೆ ಬಿರಿದು ಕೂಲೆಂಟ್ ಸೋರಿಹೋಗುತ್ತಿತ್ತು. ಬಾಟಲಿ ಬರಿದಾಗುತ್ತಿದೆ ಎಂದು ತಿಳಿಸುವ ಸೆನ್ಸರ್ ಆ ಕಾರುಗಳಲ್ಲಿ ಇರಲಿಲ್ಲ. ದೀಪ ಹತ್ತುವ ಹೊತ್ತಿಗೆ ಎಂಜಿನ್ ಕಾದುಹೋಗಿರುತ್ತಿತ್ತು. ಬೀಡಿನ ಬ್ಲಾಕಿಗಿಂತ ಅಲ್ಯೂಮಿನಿಯಂ ಹೆಡ್ ಬಿಸಿಗೆ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದರೆ ಹೆಡ್ ಬೆಂಡ್, ಗ್ಯಾಸ್ಕೆಟ್ ಲೀಕ್. ಆಮೇಲೆ ಕೂಲೆಂಟೂ ಆಯಿಲೂ ಒಂದಾಗುತ್ತವೆ.

ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ಬಾಟಲಿಯ ಮಟ್ಟ ನೋಡಿ. ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ಪೈಪುಗಳ ತುದಿಯಲ್ಲಿ, ಕ್ಲಿಪ್ಪಿನ ಸುತ್ತ, ಬಾಟಲಿಯ ಮೂತಿಯ ಬಳಿ ಒಣಗಿ ಪುಡಿಯಾದ ಕಲೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ಕೂಲೆಂಟ್ ಸೋರಿದಾಗ ನೀರಿನ ಅಂಶ ಬಿಸಿಗೆ ಆರಿಹೋಗಿ ಬಣ್ಣದ ಪುಡಿ ಮಾತ್ರ ಉಳಿಯುತ್ತದೆ. ನೆಲದ ಮೇಲೆ ಹನಿ ಕಾಣದಿದ್ದರೂ ಸೋರಿಕೆ ಇರಬಹುದು. ಬಾನೆಟ್ ತೆಗೆದಾಗ ಸಿಹಿ ಸಿಹಿ ವಾಸನೆ ಬಂದರೂ ಅದೇ ಅರ್ಥ.

ಮಟ್ಟ ಇಳಿದಿದ್ದರೆ ತುಂಬಿಸಿ ಮರೆತುಬಿಡಬೇಡಿ. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗುವುದಿಲ್ಲ. ಸೋರುವ ಜಾಗ ಸಿಗುವವರೆಗೆ ದೂರದ ಪ್ರಯಾಣ ಬೇಡ.

ನಲ್ಲಿ ನೀರು, ಬೋರ್ ನೀರು ಹಾಕಲೇಬಾರದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ಒಮ್ಮೆ ನೋಡಿ. ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ. ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ, ಡಿಸ್ಟಿಲ್ಡ್ ವಾಟರಿನ ಜೊತೆ ಹೇಳಿದ ಪ್ರಮಾಣದಲ್ಲಿ ಹಾಕಬೇಕು. ಬಣ್ಣ ನೋಡಿ ಹೊಂದಿಸಬೇಡಿ. ಎರಡು ಬಗೆಯದನ್ನು ಬೆರೆಸಬೇಡಿ.

ದಾರಿಯಲ್ಲಿ ಬಿಸಿಯ ಎಚ್ಚರಿಕೆ ಬಂದರೆ ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿ. ಚಾರ್ಮಾಡಿಯ ನಡುವೆ ನಿಂತರೂ ಸರಿ, ಮಳೆ ಸುರಿಯುತ್ತಿದ್ದರೂ ಸರಿ. "ಕೊಟ್ಟಿಗೆಹಾರದವರೆಗೆ ಹೋಗಿಬಿಡೋಣ, ಅಲ್ಲಿ ಟೀ ಕುಡಿಯುವಷ್ಟರಲ್ಲಿ ಆರುತ್ತೆ" ಎಂಬ ಲೆಕ್ಕ ಹಾಕಬೇಡಿ. ಹೆಡ್ ಬೆಂಡ್ ಆಗುವುದು ಆ ಕೊನೆಯ ಕೆಲವು ಕಿಲೋಮೀಟರಿನಲ್ಲೇ. ಬಿಸಿ ಇರುವಾಗ ಬಾಟಲಿಯ ಮುಚ್ಚಳ ತಿರುಗಿಸಬೇಡಿ, ಕುದಿವ ನೀರು ಮುಖಕ್ಕೆ ಹಾರುತ್ತದೆ. ತಣ್ಣೀರು ಎರಚಬೇಡಿ. ಟೋಯಿಂಗ್ ಕರೆಸಿ.

ಮೊದಮೊದಲ ಕಾರು ನಿಮ್ಮದಾದರೆ ಆ ನೈಲಾನ್ ಪೈಪು ಬದಲಾಗಿದೆಯೇ ಎಂದು ಪತ್ತೆ ಮಾಡಿಸಲೇಬೇಕು. ಹಣವಿದ್ದರೆ ಹೊರಗಿನಿಂದ ಒಂದು ಲೆವೆಲ್ ಸೆನ್ಸರ್ ಕೂರಿಸಿಕೊಳ್ಳಿ. ಈ ಕಾರಿಗೆ ಅಲಾಯ್ ವೀಲಿಗಿಂತ ಅದು ಒಳ್ಳೆಯ ಖರ್ಚು.

ಓಡಿಸುವಾಗ

ಮೇಲಿನ ಗೇರಿನಲ್ಲಿ, ಕಡಿಮೆ ಸ್ಪೀಡಿನಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ. ಹಳೆಯ ಕಾರುಗಳಲ್ಲಿ ಇದು ಮೈಲೇಜ್ ಉಳಿಸುವ ಜಾಣತನವಾಗಿತ್ತು. ನೇರ ಸಿಂಪಡಣೆಯ ಟರ್ಬೋ ಎಂಜಿನ್‌ಗಳಲ್ಲಿ ಹೀಗೆ ಮಾಡಿದರೆ ಪ್ಲಗ್ಗು ಕಿಡಿ ಹಾಕುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳಬಹುದು. ಮೇಲೆ ಬರುತ್ತಿರುವ ಪಿಸ್ಟನ್ನಿಗೆ ಎದುರಿನಿಂದ ಏಟು. ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಆಗುಂಬೆ ಘಾಟಿಯ ತಿರುವಿನಲ್ಲಿ ಗಾಡಿ ಎಳೆಯುತ್ತಿಲ್ಲ ಎನ್ನಿಸಿದರೆ ಗೇರ್ ಇಳಿಸಿ, ಆರ್‌ಪಿಎಂ 2,000ದ ಮೇಲೆ ಬಂದ ನಂತರ ತುಳಿಯಿರಿ. 1,400ಕ್ಕೇ ಟಾರ್ಕ್ ಇದೆ ಎಂದು ಮೇಲೆ ಬರೆದದ್ದು ಶಕ್ತಿಯ ಲೆಕ್ಕ, ತುಳಿಯಲು ಅಪ್ಪಣೆಯಲ್ಲ.

ಸ್ಟಾರ್ಟ್ ಆದ ಕೂಡಲೇ ಎಂಜಿನ್ ರೇಸ್ ಮಾಡಬೇಡಿ. ಮೆಲ್ಲಗೆ ಓಡಿಸುತ್ತಲೇ ಬಿಸಿಯಾಗಲು ಬಿಡಿ. ಘಾಟಿ ಹತ್ತಿ ಬಂದು ಅಥವಾ ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್ ಬಿಡಿ, ಇಲ್ಲವೇ ಕೊನೆಯ ಒಂದು ಕಿಲೋಮೀಟರ್ ನಿಧಾನ ಬನ್ನಿ. ಪೇಟೆಯೊಳಗೆ ತೆವಳಿ ಬಂದವರು ಹೀಗೆ ಕಾಯುವುದು ಪೆಟ್ರೋಲಿನ ದಂಡ.

ಆಯಿಲಿಗೆ ಸೇರಿದ ಪೆಟ್ರೋಲು ಆವಿಯಾಗಿ ಹೋಗಲು ತಿಂಗಳಿಗೆ ಒಂದೆರಡು ಸಲವಾದರೂ ಕಾರನ್ನು ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಬೇಕು.

ಕೆಂಪು ಆಯಿಲ್ ದೀಪ ಹತ್ತಿದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಒಂದು ಸಲ ಮಿನುಗಿ ಆರಿತು ಎಂದು ಮುಂದೆ ಹೋಗಬೇಡಿ; ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಮಿನುಗುವ ದೀಪ ಜಾಲರಿ ಕಟ್ಟಿಕೊಂಡಿರುವುದರ ಮೊದಲ ಸುಳಿವಾಗಿರಬಹುದು. ಹಳದಿ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಗ್ಯಾರೇಜಿಗೆ ನಿಧಾನ ಹೋಗಬಹುದು. ಅದೇ ದೀಪ ಮಿಣುಕುತ್ತಾ ಎಂಜಿನ್ ನಡುಗುತ್ತಿದ್ದರೆ ಮಿಸ್‌ಫೈರ್. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸುತ್ತದೆ, ನಿಲ್ಲಿಸಿ.

ಮೂರು ಸಿಲಿಂಡರಿನ ಸಣ್ಣ ಗುಡುಗು, ಐಡಲಿನಲ್ಲಿ ಸ್ವಲ್ಪ ನಡುಕ, ಇದು ರೋಗವಲ್ಲ. ಬ್ಯಾಲೆನ್ಸ್ ಶಾಫ್ಟ್ ಹಾಕದೆ, ಫ್ಲೈವೀಲನ್ನೂ ಪುಲ್ಲಿಯನ್ನೂ ಬೇಕೆಂದೇ ಸಮತೂಕ ತಪ್ಪಿಸಿ ಮಾಡಿದ ಎಂಜಿನ್ ಇದು. ಕಂಪನಿ ಹೇಳಿದ 18.9 ಕಿ.ಮೀ. ಮೈಲೇಜ್ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಗದಿರುವುದೂ ರೋಗವಲ್ಲ.

ಪೆಟ್ರೋಲ್

ಯುರೋಪಿನ ಸಾಮಾನ್ಯ ಪೆಟ್ರೋಲ್ 95 ಆಕ್ಟೇನ್. ಈ ಕಾರು ಬಂದಾಗ ನಮ್ಮ ಬಂಕಿನ ಸಾಮಾನ್ಯ ಪೆಟ್ರೋಲ್ 91 ಇತ್ತು. ಆಕ್ಟೇನ್ ಕಡಿಮೆಯಾದರೆ ಎಂಜಿನ್ ಸಹಿಸಿಕೊಂಡು ಕಿಡಿಯ ಹೊತ್ತನ್ನು ತಾನೇ ಹಿಂದಕ್ಕೆ ತಳ್ಳಿಕೊಳ್ಳುತ್ತದೆ, ಸ್ವಲ್ಪ ಎಳೆತ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ತುಂಬು ಕಾರಿನೊಂದಿಗೆ ಘಾಟಿಗೆ ಹೊರಟರೆ 95ರದ್ದು ಹಾಕಿಸಿ, ದಿನನಿತ್ಯಕ್ಕೆ ಬೇಕಿಲ್ಲ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲು ಈಗ ಎಲ್ಲ ಕಡೆ ಇದೆ. ಈ ಕಾರು ಬಂದಾಗ ಅದು ಇರಲಿಲ್ಲ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಮೈಲೇಜ್ ಇಳಿಯುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ; ಆದ್ದರಿಂದ ತಿಂಗಳುಗಟ್ಟಲೆ ಕಾರು ನಿಲ್ಲಿಸಿಡಬೇಡಿ. ಪೆಟ್ರೋಲ್ ಪೈಪುಗಳನ್ನು ಪ್ರತಿ ಸರ್ವಿಸಿನಲ್ಲಿ ನೋಡಿಸಿ. ವಾಸನೆ ಬಂದರೆ ನಾಳೆಗೆ ಬಿಡಬೇಡಿ.

ರೀಮ್ಯಾಪ್ ಮಾಡಿಸಬೇಡಿ. ಯುರೋಪಿನ ಫಿಯೆಸ್ಟಾದಲ್ಲಿ ಇದೇ ಎಂಜಿನ್ 140 ಪಿಎಸ್ ಕೊಟ್ಟಿದೆ ಎಂದು ಟ್ಯೂನಿಂಗ್ ಅಂಗಡಿಯವರು ಹೇಳುತ್ತಾರೆ. ನಿಜ. ಆ ಎಂಜಿನ್ ಹೊಸದಾಗಿತ್ತು.

ಹಳೆಯ ಕಾರು ಕೊಳ್ಳುವವರಿಗೆ

ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಈ ಕಾರುಗಳು ಅಗ್ಗಕ್ಕೆ ಸಿಗುತ್ತಿವೆ. ಅಗ್ಗ ಎಂದು ಹಾರಬೇಡಿ. ಎರಡೂ ಬೆಲ್ಟ್, ಟೆನ್ಷನರ್, ಜಾಲರಿ ತೊಳೆಯುವುದು, ಕೂಲೆಂಟ್ ಪೈಪುಗಳು: ಇವುಗಳ ಖರ್ಚನ್ನು ಕೇಳಿ ತಿಳಿದುಕೊಂಡು ಕಾರಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಸ್ಪೇರ್ ಸಿಗುತ್ತದೆಯೇ, ಎಷ್ಟು ದಿನಕ್ಕೆ ಸಿಗುತ್ತದೆ ಎಂದು ವಿಚಾರಿಸಿಕೊಂಡೇ ಮಾತು ಮುಂದುವರಿಸಿ.

ಸರ್ವಿಸ್ ಬುಕ್ಕಿನ ಸೀಲು ನೋಡಿ ತೃಪ್ತಿಪಡಬೇಡಿ, ಬಿಲ್ ಕೇಳಿ. ಬಿಲ್ಲಿನಲ್ಲಿ ಆಯಿಲಿನ ಗ್ರೇಡ್ ಬರೆದಿರುತ್ತದೆ. 15ಡಬ್ಲ್ಯೂ-40 ಎಂದು ಒಂದೇ ಸಲ ಕಂಡರೂ ಬೆಲ್ಟ್ ಬದಲಿಸುವುದು ಖಾತ್ರಿ ಎಂದುಕೊಳ್ಳಿ. ಕಾರನ್ನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ವಾಪಸ್ ಬಂದು ಇನ್ನೊಂದು ದಿನ ಬೆಳಿಗ್ಗೆ ಹೋಗಿ; ತಣ್ಣಗಿನ ಎಂಜಿನ್ ಬಾನೆಟ್ಟನ್ನು ನೀವೇ ಎತ್ತಬೇಕು. ಆಯಿಲ್ ಹಾಕುವ ಮುಚ್ಚಳದ ಒಳಬದಿಗೆ ಹಾಲಿನ ಬಣ್ಣದ ಅಂಟು ಇದ್ದರೆ ಗ್ಯಾಸ್ಕೆಟ್ ಅನುಮಾನ. ಸಣ್ಣ ಓಡಾಟದ ಕಾರಿನಲ್ಲಿ ತೇವದಿಂದಲೂ ಹಾಗಾಗುತ್ತದೆ, ಆದ್ದರಿಂದ ಕೂಲೆಂಟ್ ಪ್ರೆಷರ್ ಪರೀಕ್ಷೆ ಮಾಡಿಸದೆ ಎರಡರಲ್ಲಿ ಒಂದೆಂದು ತೀರ್ಮಾನಿಸಬೇಡಿ.

ಚೇಂಬರ್ ಇಳಿಸಿ ಜಾಲರಿ ತೋರಿಸಲು ಮಾರುವವರು ಒಪ್ಪಿದರೆ ಆ ಕೂಲಿಯನ್ನು ನೀವೇ ಕೊಡಿ. ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.